ತೂಕ ಮುಗಿದ ಮೇಲೆ ರಿಫಂಡ್

ನಿನ್ನೆ ಸಂಜೆ ಕಾರಟಗಿ ಹತ್ತಿರದ ಒಂದು ಕಣದಲ್ಲಿ, ಚೀಲಗಳ ತೂಕದ ಲೆಕ್ಕ ಇಡಲು ನಾನು ಕಟ್ಟಿದ ಮೊಬೈಲ್ ಆ್ಯಪ್ ಅಪರಿಚಿತರೊಬ್ಬರ ಕೈಯಲ್ಲಿ ಕೆಲಸ ಮಾಡುವುದನ್ನು ಮೊದಲ ಸಲ ಕಣ್ಣಾರೆ ಕಂಡೆ. ಸೋದರಮಾವನ ಭತ್ತದ ತೂಕಕ್ಕೆಂದು ಹೋಗಿದ್ದೆ. ಪಕ್ಕದ ಕಣದಲ್ಲಿ ಹಮಾಲರು ಕಾಟಾದ ಮೇಲೆ ಚೀಲ ಇಳಿಸುತ್ತಿದ್ದರು, ಹುಡುಗನೊಬ್ಬ ‘ಎಪ್ಪತ್ತಾರು ಇನ್ನೂರು’ ಎಂದು ಕೂಗುತ್ತಿದ್ದ, ಲೆಕ್ಕ ಬರೆಯುವವರ ಕೈಯಲ್ಲಿ ನೋಟ್‌ಬುಕ್ಕಿನ ಬದಲು ಮೊಬೈಲ್ ಇತ್ತು, ಅದರಲ್ಲಿ ನನ್ನ ಹಸಿರು ಪರದೆ ತೆರೆದಿತ್ತು. ಬಿಸಿಲಿನಲ್ಲೂ ಕಾಣಬೇಕೆಂದು ಆ ಅಂಕಿಗಳ ಗಾತ್ರವೊಂದಕ್ಕೇ ಒಂದು ವಾರ ಕಳೆದಿದ್ದೆ. ಧೂಳು ಮೆತ್ತಿದ ಹೆಬ್ಬೆರಳು ಅವುಗಳ ಮೇಲೆ ಎಲ್ಲಿಯೂ ತಡವರಿಸದೆ ಓಡುವುದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಒಟ್ಟು 214 ಚೀಲ. ಖಾಲಿ ಚೀಲದ ತೂಕ ಕಳೆದು, ತೇವಾಂಶದ ಕಡಿತ ತೆಗೆದು, 75 ಕೆ.ಜಿ.ಯ ಲೆಕ್ಕಕ್ಕೆ ತಂದು, ಹಮಾಲಿ ಬೇರೆ ಮಾಡಿ, ಆ್ಯಪ್ ಪಿಡಿಎಫ್ ತಯಾರಿಸಿತು. ಅದು ರೈತನ ವಾಟ್ಸ್‌ಆ್ಯಪ್‌ಗೂ ವ್ಯಾಪಾರಿಯ ವಾಟ್ಸ್‌ಆ್ಯಪ್‌ಗೂ ಹೋಯಿತು. ಇದನ್ನು ಕಟ್ಟಿದವನು ನಾನೇ ಎಂದು ಹೇಳಿಕೊಳ್ಳಲು ಮುಂದೆ ಹೆಜ್ಜೆ ಇಟ್ಟಿದ್ದೆ. ಅಷ್ಟರಲ್ಲಿ ಲೆಕ್ಕ ಬರೆಯುತ್ತಿದ್ದವರು ಪಕ್ಕದವರಿಗೆ ಹೇಳಿದ ಮಾತು ಕಿವಿಗೆ ಬಿತ್ತು: ‘ರೊಕ್ಕ ಹೋಗಂಗಿಲ್ಲೋ. ತೂಕ ಮುಗದ ಮ್ಯಾಲ ರಿಫಂಡ್ ಒತ್ತು, ತಿರುಗಿ ಬರ್ತದ. ಮುಂದಿನ ಸಲ ಮಗನ ಐಡಿಲೆ ತಗೋ.’

ನಾನು ಮಾತಾಡದೆ ಹಿಂದಿರುಗಿದೆ. ಮನೆಗೆ ಬಂದು ಆ್ಯಪ್ ಮಾರಾಟದ ಖಾತೆ ತೆರೆದು ನೋಡಿದರೆ ಆ ದಿನದ ಏಳು ಆರ್ಡರ್‌ಗಳಲ್ಲಿ ನಾಲ್ಕರ ಎದುರು ‘ಹಿಂದಿರುಗಿಸಲಾಗಿದೆ’ ಎಂದಿತ್ತು. ಆ ಪದವನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಆ್ಯಪ್ ಇಷ್ಟವಾಗದೆ ಜನ ಹಿಂದಿರುಗಿಸುತ್ತಿದ್ದಾರೆಂದು ನಂಬಿ, ಅದನ್ನು ತಿದ್ದಿ ತಿದ್ದಿ ರಾತ್ರಿಗಳನ್ನು ಕಳೆದಿದ್ದೇನೆ. ಬೆಂಗಳೂರಿನ ಕೆಲಸ ಬಿಟ್ಟು ಗಂಗಾವತಿಗೆ ಬಂದು ಈ ಆ್ಯಪ್ ಕಟ್ಟುತ್ತಿದ್ದೇನೆ. ತೂಕದ ಲೆಕ್ಕದಲ್ಲಿ ಅಪ್ಪ ಚೀಲಗಳನ್ನು ಕಳೆದುಕೊಂಡಿದ್ದರು. ಕೆಟ್ಟದೆಂದು ಹಿಂದಿರುಗಿಸಿದರೆ ಸಹಿಸಬಲ್ಲೆ. ಪೂರ್ತಿ ಕೆಲಸ ಮಾಡಿಸಿಕೊಂಡು, ಚೆನ್ನಾಗಿದೆ ಎಂದು ನಾಲ್ಕು ಜನರಿಗೆ ಹೇಳಿ, ಆಮೇಲೆ ಹಿಂದಿರುಗಿಸುವುದನ್ನು ಸಹಿಸಲಾರೆ.

ಆದರೂ ನನ್ನ ಸಿಟ್ಟು ಆ ಮನುಷ್ಯರ ಮೇಲಿಲ್ಲ. ಅವರು ನಿಯಮ ಮುರಿದಿಲ್ಲ, ನಿಯಮ ತೆರೆದಿಟ್ಟ ಬಾಗಿಲಿನಿಂದ ನಡೆದು ಹೋಗಿದ್ದಾರೆ. ಸಿಟ್ಟು ಇರುವುದು ಕೈಗಡಿಯಾರ ನೋಡಿ ರಿಫಂಡ್ ಕೊಡುವ ಪದ್ಧತಿಯ ಮೇಲೆ. ಆ್ಯಂಡ್ರಾಯ್ಡ್ ಆ್ಯಪ್‌ಗಳನ್ನು ಮಾರುವ ಗೂಗಲ್‌ನ ಆನ್‌ಲೈನ್ ಅಂಗಡಿಯಲ್ಲಿ (ಈಗಿನ ಪ್ಲೇ ಸ್ಟೋರ್) ಹಣ ಕೊಟ್ಟು ಕೊಂಡ ಆ್ಯಪನ್ನು ಮೊದಲು 24 ಗಂಟೆಯೊಳಗೆ ಹಿಂದಿರುಗಿಸಬಹುದಿತ್ತು; 2010ರ ಡಿಸೆಂಬರಿನಲ್ಲಿ ಆ ಅವಧಿಯನ್ನು 15 ನಿಮಿಷಕ್ಕೆ ಇಳಿಸಿದರು, 2014ರಲ್ಲಿ 2 ಗಂಟೆಗೆ ಏರಿಸಿದರು. ಒಬ್ಬರು ಒಂದು ಆ್ಯಪನ್ನು ಒಮ್ಮೆ ಮಾತ್ರ ಹೀಗೆ ಹಿಂದಿರುಗಿಸಬಹುದು ಎಂಬ ತಡೆ ಇದೆ, ಆದರೆ ಮನೆಯಲ್ಲಿ ನಾಲ್ಕು ಐಡಿ ಇದ್ದರೆ ಆ ತಡೆಯ ಬೆಲೆ ಎಷ್ಟೆಂದು ಕಣದಲ್ಲಿ ಕೇಳಿ ಬಂದಿದ್ದೇನೆ. ಆ್ಯಪಲ್‌ನಲ್ಲಿ ಗ್ರಾಹಕ ಬೇಡಿಕೆ ಸಲ್ಲಿಸುತ್ತಾನೆ, ಆ್ಯಪಲ್ ತೀರ್ಮಾನಿಸುತ್ತದೆ. ಕೆಲವು ಬಗೆಯ ಖರೀದಿಗಳಲ್ಲಿ, ಗ್ರಾಹಕ ಆ ವಸ್ತುವನ್ನು ಎಷ್ಟು ಬಳಸಿದ್ದಾನೆಂಬ ಮಾಹಿತಿಯನ್ನು 12 ಗಂಟೆಯೊಳಗೆ ಕಳಿಸಲು ಆ್ಯಪ್ ಕಟ್ಟಿದ ಡೆವಲಪರ್‌ಗೆ ಅವಕಾಶವಿದ್ದರೂ ಕೊನೆಯ ಮಾತು ಅಂಗಡಿಯದೇ.

ಎರಡು ಗಂಟೆ ಎಂದರೆ ಏನು? ವರ್ಷವಿಡೀ ಬಳಸುವ ಆ್ಯಪ್‌ಗೆ ಅದು ರುಚಿ ನೋಡುವಷ್ಟು ಹೊತ್ತು. ವರ್ಷಕ್ಕೆ ಎರಡು ಕೊಯ್ಲಿನಲ್ಲಿ, ಒಂದೊಂದು ಸಂಜೆ ಮಾತ್ರ ಬೇಕಾಗುವ ನನ್ನಂಥವನ ಆ್ಯಪ್‌ಗೆ ಅದು ಇಡೀ ಊಟ. ಈ ಎರಡನ್ನೂ ಒಂದೇ ಗಡಿಯಾರದಿಂದ ಅಳೆಯುವುದು ನ್ಯಾಯವಲ್ಲ. ಅಂಗಡಿಗೆ ಬೇಕಾಗಿದ್ದರೆ ಬಳಕೆಯನ್ನು ಅಳೆಯಬಹುದು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ 2015ರಿಂದ, ಕೊಂಡು 14 ದಿನದೊಳಗಿದ್ದು ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ಮರಳಿಸುತ್ತಿದೆ. ಅಲ್ಲಿ ಲೆಕ್ಕವಾಗುವುದು ಆಡಿದ ಹೊತ್ತು. ಅದೂ ಸಾಲದು ಎಂಬುದು ಬೇರೆ ಮಾತು: ಎರಡು ಗಂಟೆಯೊಳಗೆ ಮುಗಿಯುವ ಸಣ್ಣ ಆಟ ಕಟ್ಟಿದ ಡೆವಲಪರ್ ಒಬ್ಬರು, ಆಟ ಮೆಚ್ಚಿ ಒಳ್ಳೆಯ ಅಭಿಪ್ರಾಯ ಬರೆದವರೂ ಮುಗಿಸಿದ ಮೇಲೆ ಹಣ ವಾಪಸ್ ಪಡೆಯುತ್ತಿದ್ದಾರೆಂದು ನೊಂದು, 2021ರಲ್ಲಿ ಅನಿರ್ದಿಷ್ಟ ಕಾಲ ಈ ಕೆಲಸವನ್ನೇ ಬಿಡುವುದಾಗಿ ಪ್ರಕಟಿಸಿದರು. ಆ ಸುದ್ದಿ ಓದಿದಾಗ ಅದು ದೂರದ ಕಥೆಯೆನಿಸಿತ್ತು.

ಗ್ರಾಹಕನಿಗೆ ರಕ್ಷಣೆ ಬೇಡವೇ ಎಂದು ಗೆಳೆಯನೊಬ್ಬ ರಾತ್ರಿ ಫೋನಿನಲ್ಲಿ ವಾದಿಸಿದ. ಬೇಕು. 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಮಕ್ಕಳು ತಂದೆತಾಯಿಯ ಒಪ್ಪಿಗೆಯಿಲ್ಲದೆ ಆ್ಯಪ್‌ಗಳ ಒಳಗೆ ಮಾಡಿದ ಖರೀದಿಗಾಗಿ ಆ್ಯಪಲ್‌ನಿಂದ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್‌ನಿಂದ ಕನಿಷ್ಠ 1.9 ಕೋಟಿ ಡಾಲರ್ ಗ್ರಾಹಕರಿಗೆ ಮರಳಿಸುವಂತೆ ಮಾಡಿತು, ಅದು ಸರಿಯಾಗಿಯೇ ಇತ್ತು. ಮೋಸದ ಆ್ಯಪ್‌ಗಳಿಂದ ಹಣ ಮರಳಲೇಬೇಕು. ಆದರೆ ನನ್ನ ಆ್ಯಪ್‌ನ ಉಚಿತ ಆವೃತ್ತಿ ಬೇರೆಯೇ ಇದೆ, ಅದರಲ್ಲಿ 20 ಚೀಲ ತೂಗಿ ಪರೀಕ್ಷಿಸಬಹುದು. ಇಪ್ಪತ್ತು ತೂಗಿ ನೋಡಿ, 149 ರೂಪಾಯಿ ಕೊಟ್ಟು, 214 ತೂಗಿ, ಪಿಡಿಎಫ್ ಕಳಿಸಿದವನನ್ನು ಯಾರಿಂದ ರಕ್ಷಿಸಬೇಕಾಗಿದೆ?

ಆ್ಯಪನ್ನು ಉಚಿತವಾಗಿಟ್ಟು, ಬಳಸುವವರು ಅದರ ಒಳಗೇ ಹಣ ಕೊಟ್ಟು ಕೊಳ್ಳುವಂತೆ ಮಾಡು ಎಂದೂ ಅವನು ಹೇಳಿದ. ಆ ದಾರಿಯನ್ನೂ ನೋಡಿದ್ದೇನೆ. ಆಗ ಯಾವ ಖರೀದಿ ರದ್ದಾಯಿತೆಂದು ಅಂಗಡಿಯನ್ನು ಆಗಾಗ ಕೇಳುತ್ತಿರಲು ನಾನೊಂದು ಸರ್ವರ್ ಇಟ್ಟುಕೊಳ್ಳಬೇಕು, ರದ್ದಾದ ಸುದ್ದಿ ಮೊಬೈಲ್ ತಲುಪಲು ಹೊಲದಲ್ಲಿ ನೆಟ್‌ವರ್ಕ್ ಇರಬೇಕು. ಕಾಲುವೆಯ ಕೊನೆಯಂಚಿನ ಹೊಲಗಳಲ್ಲಿ ಕರೆ ಮಾಡಲು ದಿಬ್ಬ ಹತ್ತಬೇಕಾಗುತ್ತದೆಂದೇ ನೆಟ್‌ವರ್ಕ್ ಇಲ್ಲದೆ ನಡೆಯುವ ಆ್ಯಪ್ ಕಟ್ಟಿದ್ದು. ತಿಂಗಳ ಚಂದಾ ಇಡು, ಜಾಹೀರಾತು ಇಡು ಎನ್ನುವವರಿಗೂ ಇದೇ ಉತ್ತರ. ಕೋಟಿಗಟ್ಟಲೆ ಬಳಕೆದಾರರಿರುವ ಕಂಪನಿಗೆ ನಾಲ್ಕು ರಿಫಂಡ್ ಲೆಕ್ಕಕ್ಕೇ ಬಾರದು. ಅಂಗಡಿಯ ಶೇ 15 ಕಮಿಷನ್ ಕಳೆದ ಮೇಲೆ ಒಂದು ಮಾರಾಟದಲ್ಲಿ ನನಗೆ ಉಳಿಯುವುದು ಸುಮಾರು 127 ರೂಪಾಯಿ, ತೆರಿಗೆ ಬೇರೆ. ನಿನ್ನೆ ಹೋದ ನಾಲ್ಕು ಅಂಥವು ನನ್ನ ಮನೆಯ ಒಂದು ದಿನದ ಸಂತೆಯ ಖರ್ಚು.

ಇನ್ನೊಂದು ವಿಷಯ ಹೇಳದೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಕೊಪ್ಪಳದಲ್ಲಿ ಕೋಣೆ ಮಾಡಿಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಗ, ಯಾರೋ ಒಬ್ಬರು ಕಟ್ಟಿದ ಸಾಮಾನ್ಯ ಜ್ಞಾನದ ಕನ್ನಡ ಆ್ಯಪನ್ನು ಐವತ್ತು ರೂಪಾಯಿ ಕೊಟ್ಟು ಕೊಂಡು, ಒಂದು ಗಂಟೆಯಲ್ಲಿ ಪ್ರಶ್ನೆಗಳ ಸ್ಕ್ರೀನ್‌ಶಾಟ್ ತೆಗೆದು, ಹಣ ವಾಪಸ್ ಪಡೆದಿದ್ದೆ. ಕೋಣೆಯ ಮೂವರೂ ಹಾಗೆಯೇ ಮಾಡಿದೆವು. ಮುಂದಿನ ವರ್ಷ ಹುಡುಕಿದಾಗ ಆ ಆ್ಯಪ್ ಅಂಗಡಿಯಲ್ಲಿ ಇರಲಿಲ್ಲ. ನಮ್ಮಿಂದಲೇ ಹಾಗಾಯಿತೋ ಇಲ್ಲವೋ, ಅದನ್ನು ಕಟ್ಟಿದವರ ಪರದೆಯ ಮೇಲೂ ‘ಹಿಂದಿರುಗಿಸಲಾಗಿದೆ’ ಎಂಬ ಪದ ಮೂರು ಸಲ ಮೂಡಿರುತ್ತದೆ. ಅವರ ಹೆಸರನ್ನು ಕೂಡ ಓದಿರಲಿಲ್ಲ ಎಂಬುದು ನಿನ್ನೆಯಿಂದ ನನ್ನನ್ನು ಚುಚ್ಚುತ್ತಿದೆ.

ನಾನು ಕೇಳುವುದು ದೊಡ್ಡದೇನಲ್ಲ. ಹಣ ಮರಳಿಸುವ ಮುನ್ನ, ಕೊಂಡವನು ಆ್ಯಪ್‌ನಿಂದ ಕೆಲಸ ಮುಗಿಸಿಕೊಂಡಿದ್ದಾನೆಯೇ ಎಂದು ಕಟ್ಟಿದವನನ್ನು ಒಂದು ಮಾತು ಕೇಳಲಿ. ಉಚಿತ ಆವೃತ್ತಿ ಕೊಟ್ಟವನಿಗೆ ಈ ಅವಧಿಯನ್ನು ಕಡಿಮೆ ಮಾಡಿಕೊಳ್ಳುವ ಹಕ್ಕು ಕೊಡಲಿ. ರಿಫಂಡ್‌ಗಳ ಕುರಿತು ಅಂಗಡಿಯ ಸಹಾಯ ವಿಭಾಗಕ್ಕೆ ಹಿಂದೆ ಎರಡು ಸಲ ಬರೆದಿದ್ದೆ, ಎರಡು ಸಲವೂ ನಿಯಮದ ಪುಟದ ಕೊಂಡಿಯೊಂದೇ ಉತ್ತರವಾಗಿ ಬಂತು.

ಪಿಡಿಎಫ್ ಎರಡು ಗಂಟೆ ತಡವಾಗಿ ಬರುವಂತೆ ಮಾಡಿಬಿಡು ಎಂಬುದು ಗೆಳೆಯನ ಕೊನೆಯ ಸಲಹೆ. ಸಿಟ್ಟಿನಲ್ಲಿ ರಾತ್ರಿಯೇ ಕುಳಿತು ಬರೆದೆ, ಹನ್ನೊಂದು ಸಾಲಿನ ಕೋಡ್ ಸಾಕಾಯಿತು, ಮೊಬೈಲಿನಲ್ಲಿ ಸರಿಯಾಗಿಯೇ ನಡೆಯಿತು. ಆಮೇಲೆ ಕಣ ನೆನಪಾಯಿತು: ಲಾರಿ ಶುರುವಾಗಿ ನಿಂತಿರುತ್ತದೆ, ಹಮಾಲರು ಕೂಲಿಗೆ ಕಾಯುತ್ತಿರುತ್ತಾರೆ, ಚೀಲ ಎಷ್ಟು ಕ್ವಿಂಟಲ್ ಎಷ್ಟು ಎಂದು ರೈತ ಅಲ್ಲಿಯೇ ತಿಳಿಯದಿದ್ದರೆ ಆ ಭತ್ತ ಅವನ ಕಣ್ಣಳತೆ ದಾಟಿ ಹೋಗಿಬಿಡುತ್ತದೆ. ಬೆಳಗಿನ ನಾಲ್ಕು ಗಂಟೆಗೆ ಆ ಹನ್ನೊಂದು ಸಾಲು ಅಳಿಸಿದೆ.