ವೆಡ್ಡಿಂಗ್ ಪ್ಲಾನರ್‌ಗೆ ಹೀರೋ ಬೇಕಾಗಿದ್ದಾನೆ

ರೊಮ್ಯಾನ್ಸ್ ಕಾದಂಬರಿಯಲ್ಲಿ ವೆಡ್ಡಿಂಗ್ ಪ್ಲಾನರ್ ಆದವಳಿಗೆ ಗಂಡು ಸಿಗದೇ ಇರುವುದಿಲ್ಲ. ಇಂಗ್ಲಿಷ್‌ನಲ್ಲಿ ಇಂಥ ಪುಸ್ತಕಗಳು ರಾಶಿಗಟ್ಟಲೆ ಇವೆ. ನಾನು ಅವನ್ನು ಬಸ್ಸಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಬೇಳೆ ಕುದಿಯುವಾಗ ಓದುತ್ತೇನೆ. ಕಥೆ ಹೆಚ್ಚುಕಡಿಮೆ ಒಂದೇ. ಹುಡುಗಿ ಕಂಡವರ ಮದುವೆಯನ್ನೆಲ್ಲ ಅಚ್ಚುಕಟ್ಟಾಗಿ ಮಾಡಿಸುತ್ತಾಳೆ. ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಪಟ್ಟಿ. ಅವಳಿಗೆ ಮಾತ್ರ ಯಾರೂ ಇಲ್ಲ. ಅಷ್ಟರಲ್ಲಿ ಮದುಮಗನ ಅಣ್ಣನೋ ಗೆಳೆಯನೋ ಒಬ್ಬ ಮುಖ ಗಂಟಿಕ್ಕಿಕೊಂಡು ಬರುತ್ತಾನೆ. ಮದುವೆ ಅಂದರೆ ಅವನಿಗೆ ಆಗುವುದಿಲ್ಲ. ಇಬ್ಬರೂ ಕೇಕಿನ ವಿಷಯಕ್ಕೋ ಹೂವಿನ ವಿಷಯಕ್ಕೋ ಜಗಳ ಆಡುತ್ತಾರೆ. ಆಮೇಲೆ ಮಳೆ ಬರುತ್ತದೆ. ಮಳೆ ಬಂತು ಅಂದರೆ ಉಳಿದದ್ದನ್ನು ಓದದಿದ್ದರೂ ನಡೆಯುತ್ತದೆ.

ನನ್ನ ಅಕ್ಕನ ಮಗನ ಮದುವೆಗೆ ಇಂಥ ಒಬ್ಬ ಪ್ಲಾನರ್ ಬರುತ್ತಾಳೆ ಅಂದಾಗ ನನಗೆ ಎಷ್ಟು ಖುಷಿಯಾಗಿರಬೇಡ! ಮದುಮಗನ ತಂಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಗೊತ್ತುಮಾಡಿದವಳು ಅವಳೇ. ಅಕ್ಕನಿಗೆ ಒಂದೇ ಚಿಂತೆ. "ರೊಕ್ಕ ಕೊಟ್ಟು ಬೈಸ್ಕೊಳ್ಳಲಿಕ್ಕೆ ಹೊರಗಿನವರು ಯಾಕ ಬೇಕು? ನಮ್ಮ ಮಂದಿ ಪುಕ್ಕಟ ಬೈತಾರಲ್ಲ" ಅಂದಳು. ಯಾರೂ ಕೇಳಲಿಲ್ಲ.

ಹುಡುಗಿ ಬೆಳಗಿನ ರೈಲಿಗೆ ಇಳಿದಳು. ಇಯರ್‌ಫೋನು ಇತ್ತು. ಪಟ್ಟಿಯೂ ಇತ್ತು, ಟ್ಯಾಬ್‌ನಲ್ಲಿ. ಪುಸ್ತಕದಿಂದ ಎದ್ದು ಬಂದ ಹಾಗೇ ಇದ್ದಳು. ನಾನು ಆಗಲೇ ಹೀರೋ ಹುಡುಕಲು ಶುರುಮಾಡಿದೆ.

ಮೊದಲ ತೊಡಕು ಮಳೆಯದು. ಮೇ ತಿಂಗಳ ಕಲಬುರಗಿಯಲ್ಲಿ ಮಳೆ ಎಲ್ಲಿಂದ ತರುವುದು? ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸರ್ಕಾರವೇ ಮನೆಗೆ ಹೋಗಿ ಮಲಗುವ ಬಿಸಿಲಿನಲ್ಲಿ ಈ ಹುಡುಗಿ ಹುಲ್ಲುಹಾಸಿನ ಮೇಲೆ ಅರಿಶಿಣದ ಕಾರ್ಯಕ್ರಮ ಇಟ್ಟಿದ್ದಳು, ಅದೂ ನಾಲ್ಕು ಗಂಟೆಗೆ. ಥೀಮು ತಿಳಿಗುಲಾಬಿ ಬಣ್ಣ. ಬೆಂಗಳೂರಿನಿಂದ ಬಂದ ಹೂವುಗಳು ಪೆಟ್ಟಿಗೆ ತೆರೆದ ಅರ್ಧ ಗಂಟೆಗೆ ತಲೆ ಬಗ್ಗಿಸಿದವು. ಕಾಕಾ ನಮ್ಮೂರಿನ ಪೇಟೆಯಾದ ಸೂಪರ್ ಮಾರ್ಕೆಟ್‌ಗೆ ಹೋಗಿ ಎರಡು ಚೀಲ ಚೆಂಡುಹೂವು ತಂದರು. ಥೀಮು ಹಳದಿಯಾಯಿತು. ಅರಿಶಿಣಕ್ಕೆ ಹಳದಿಯೇ ಸರಿ ಅಲ್ವಾ?

ಅದಕ್ಕೂ ಮೊದಲು ಒಂದು ಫೋಟೋಶೂಟ್ ಆಗಿತ್ತು. ಸೂರ್ಯ ಮುಳುಗುವ ಹೊತ್ತು, ಹಳೇ ಕಟ್ಟಡ, ಕಲ್ಲಿನ ಕಮಾನು. ಹಪ್ತ್ ಗುಂಬಜ್‌ನಲ್ಲಿ ಇದೆಲ್ಲ ಇದೆ, ನಿಜ. ಆದರೆ ಅವು ಬಹಮನಿ ಸುಲ್ತಾನರ ಗೋರಿಗಳು. 1422ರಲ್ಲಿ ತೀರಿಕೊಂಡ ಫಿರೋಜ್ ಷಾ ಮಲಗಿರುವುದು ಅಲ್ಲೇ. ಅವನ ಅಂಗಳದಲ್ಲಿ ನಮ್ಮ ಹುಡುಗ ಮೊಣಕಾಲೂರಿ ಗುಲಾಬಿ ಹಿಡಿದು ಕೂತ ಫೋಟೋ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಫೋಟೋ ಚೆನ್ನಾಗಿಯೇ ಇತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಗೋರಿ ಮುಂದ ಲಗ್ನದ ಫೋಟೊ ತೆಗಸ್ಕೊಂಡಾರ. ಇನ್ನ ನಾಮಕರಣ ಎಲ್ಲಿ ಇಟ್ಟಾರ ಕೇಳ್ರಿ" ಅಂದರು.

ಮದುವೆ ದಿನದ ಪಟ್ಟಿಯಲ್ಲಿ 'ಗುಗ್ಗಳ: 7.00ರಿಂದ 7.30' ಎಂದಿತ್ತು. ಗುಗ್ಗಳ ಎಂದರೆ ವೀರಭದ್ರನ ಕಾರ್ಯ. ಹಲಗೆ ಬಾರಿಸುತ್ತಾರೆ, ಪುರವಂತರು ಕತ್ತಿ ಹಿಡಿದು ಒಡಪು ಹೇಳುತ್ತಾರೆ. ದಕ್ಷಯಜ್ಞದ ಕಥೆ ಬಾಯಿಗೆ ಬಂತೆಂದರೆ ಅವರನ್ನು ನಿಲ್ಲಿಸುವವರು ಯಾರೂ ಇಲ್ಲ. ಏಳೂವರೆಗೆ ದಕ್ಷ ಇನ್ನೂ ಯಜ್ಞಕ್ಕೆ ಆಮಂತ್ರಣ ಹಂಚುತ್ತಿದ್ದ. ಹುಡುಗಿ ಮುಂದೆ ಬಂದಳು. ಕತ್ತಿ ಝಳಪಿಸುತ್ತಿದ್ದ ಪುರವಂತರಿಗೆ ಬೆರಳಿನಿಂದ ಗಡಿಯಾರ ತೋರಿಸಿದಳು. "ಅಂಕಲ್, ಸ್ವಲ್ಪ ಬೇಗ ಮುಗಿಸ್ತೀರಾ?"

ಅವರು ಮುಗಿಸಲಿಲ್ಲ. ಅವಳ ಕಡೆಗೇ ತಿರುಗಿ, ಅವಳ ಮುಖ ನೋಡುತ್ತಲೇ, ವೀರಭದ್ರ ಹುಟ್ಟಿದ ಭಾಗವನ್ನು ಮೊದಲಿನಿಂದ ಹೇಳಿದರು. ಕೊನೆಕೊನೆಗೆ ಅವಳೂ ಎಲ್ಲರ ಜೊತೆ ಕೈಮುಗಿದು ನಿಂತಿದ್ದಳು. ಗುಗ್ಗಳ ಮುಗಿದಾಗ ಒಂಬತ್ತಾಗಿತ್ತು. ಸುರಗಿಗೆ, ಅಂದರೆ ಮದುಮಕ್ಕಳ ಸ್ನಾನದ ಶಾಸ್ತ್ರಕ್ಕೆ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತುವಷ್ಟರಲ್ಲಿ ಪಟ್ಟಿಯನ್ನು ಅವಳೇ ಬ್ಯಾಗಿಗೆ ಹಾಕಿಬಿಟ್ಟಳು.

ಈ ನಡುವೆ ಹೀರೋ ಎಲ್ಲಿ? ಗಂಟು ಮುಖದ ಗಂಡಸು ಎಂದರೆ ಇಡೀ ಫಂಕ್ಷನ್ ಹಾಲ್‌ನಲ್ಲಿ ಒಬ್ಬರೇ, ಅಡುಗೆಯವರು. ಅಡ್ವಾನ್ಸ್ ಪೂರ್ತಿ ಬಂದಿರಲಿಲ್ಲ. ವಯಸ್ಸು ಅರವತ್ತರ ಮೇಲೆ. ಡ್ರೋನ್ ಹಾರಿಸುವ ಹುಡುಗ ನೋಡಲು ಚೆನ್ನಾಗಿದ್ದ. ಆದರೆ ಅವನು ಯಾವಾಗಲೂ ಆಕಾಶವನ್ನೇ ನೋಡುತ್ತಿದ್ದ. ಉಳಿದವನು ಕಾಕಾನ ಮಗ. ಊಟದ ಹಾಲ್‌ನಲ್ಲೂ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ನನ್ನ ಓಟು ಅವನಿಗೇ ಬಿತ್ತು, ಬೇರೆ ಯಾರೂ ಇರಲಿಲ್ಲ ಅಂತ.

ಹನ್ನೊಂದರ ಸುಮಾರಿಗೆ ಕರೆಂಟ್ ಹೋಯಿತು. ಆಗ ಪ್ಲಾನರ್ ಹುಡುಗಿ ಸ್ಟೋರ್ ರೂಮಿನಲ್ಲಿದ್ದಳು. ಕಾಕಾನ ಮಗನೂ ಕೂಲರ್‌ಗೆ ನೀರು ತರಲು ಅಲ್ಲಿಗೇ ಹೋಗಿದ್ದ. ಕಾದಂಬರಿಯಾಗಿದ್ದರೆ ಇಲ್ಲಿ ಒಂದು ಇಡೀ ಅಧ್ಯಾಯ. ಕತ್ತಲೆ, ಉಸಿರು, ಕೈಗೆ ಕೈ ತಗಲುವುದು. ನಮ್ಮ ಸ್ಟೋರ್ ರೂಮಿನಲ್ಲಿ ಕತ್ತಲೆಯೇನೋ ಇತ್ತು. ಅದರಲ್ಲಿ ಇಬ್ಬರು ಅತ್ತೆಯರು, ಅವರ ನೆಗೆಣ್ಣಿಯರು ನೆಲದ ಮೇಲೆ ಕೂತು ಆಹೇರಿಗೆ, ಅಂದರೆ ಉಡುಗೊರೆ ಕೊಡುವುದಕ್ಕೆ, ಸೀರೆ, ಖಣ, ಟವೆಲ್, ಟೋಪಿ ಜೋಡಿಸುತ್ತಿದ್ದರು. ಒಂದು ಮೂಲೆಯಲ್ಲಿ ಯಾರದೋ ಕೂಸು ಮಲಗಿತ್ತು. "ಯಾರ್ರೀ ಅದು, ಟೋಪಿ ಮ್ಯಾಲ ಕಾಲಿಟ್ಟವರು?" ಎಂಬ ಕೂಗು ಬಂತು. ಅಷ್ಟೊತ್ತಿಗೆ ಜನರೇಟರ್ ಶುರುವಾಯಿತು. ನಮ್ಮ ಮದುವೆಗಳಲ್ಲಿ ಪ್ರೇಮ ಹುಟ್ಟಬೇಕೆಂದರೆ ಮೊದಲು ಎರಡು ಅಡಿ ಖಾಲಿ ಜಾಗ ಬೇಕು. ಅದನ್ನು ಯಾವ ಪ್ಲಾನರ್ ಕೈಲೂ ಹೊಂದಿಸಲು ಆಗುವುದಿಲ್ಲ.

ಅಕ್ಷತೆ 12.35ಕ್ಕೆ. ಅಕ್ಕಿಕಾಳಿನ ಬದಲು ಗುಲಾಬಿ ಎಸಳು ಎಂದು ಹುಡುಗಿ ಕಾಗದದ ಪೊಟ್ಟಣ ಹಂಚಿದ್ದಳು. ಹಿರಿಯರು ಪೊಟ್ಟಣ ಬಿಚ್ಚಿ ನೋಡಿ, ಮಡಚಿ ಜೇಬಿಗಿಟ್ಟರು. ಅಕ್ಕಿಕಾಳು ಬೀಳದೇ ಲಗ್ನ ಹೇಗಾಗುತ್ತದೆ? ಅಡುಗೆಮನೆಯಿಂದ ಅಕ್ಕಿ ಬಂತು, ಅರಿಶಿಣ ಬಂತು. ಮುಹೂರ್ತಕ್ಕೆ ಸರಿಯಾಗಿ ಇಡೀ ಹಾಲ್ ಎಸೆಯಿತು. ಹಿಂದಿನ ಸಾಲಿನವರು ಎಸೆದದ್ದು ಮುಂದಿನ ಸಾಲಿನವರ ತಲೆ ಮೇಲೆ ಬಿತ್ತು. ಬಿದ್ದದ್ದನ್ನು ಅವರು ಮುಂದಕ್ಕೆ ಎಸೆದರು. ಪಾಪ, ಕ್ಯಾಮೆರಾದವನು ಕಣ್ಣುಮುಚ್ಚಿ ಶೂಟ್ ಮಾಡಿದ. ಆ ವಿಡಿಯೋದಲ್ಲಿ ತಾಳಿ ಒಂದನ್ನು ಬಿಟ್ಟು ಎಲ್ಲವೂ ಕಾಣುತ್ತದೆ.

ಊಟದ್ದು ಬೇರೆಯೇ ಕಥೆ. ಪ್ರತಿ ಮೇಜಿಗೆ ನಂಬರು, ಪ್ರತಿ ಕುರ್ಚಿಗೆ ಹೆಸರಿನ ಚೀಟಿ. ಒಂದೇ ಹತ್ತು ನಿಮಿಷಕ್ಕೆ ಕುರ್ಚಿಗಳೆಲ್ಲ ಕೂಲರ್ ಇದ್ದ ಕಡೆ ಸರಿದು ಹೋದವು, ಚೀಟಿಗಳು ಹಾರಿ ಹೋದವು. ಉಣ್ಣುವವರ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತರು. ಮಜ್ಜಿಗೆಗೆ ಬಂದಿದ್ದಾರೋ ಇಲ್ಲವೋ ಅಂತ ಬಗ್ಗಿ ಎಲೆ ನೋಡುವುದೂ ನಡೆದಿತ್ತು. ಒಂದು ಮೂಲೆಯಲ್ಲಿ ಪಾಸ್ತಾ ಕೌಂಟರ್ ಇತ್ತು. ಒಬ್ಬ ಅಜ್ಜ ತಟ್ಟೆ ಹಿಡಿದು ಅದರ ಮುಂದೆ ನಿಂತು, "ಶ್ಯಾವಿಗಿ ಇಷ್ಟ್ಯಾಕ ದಪ್ಪ ಆಗ್ಯಾವ? ನೀರ ಜಾಸ್ತಿ ಆಗ್ಯಾದೇನು?" ಎಂದು ವಿಚಾರಿಸಿದರು. ಅದರ ಪಕ್ಕದಲ್ಲಿ 'ಯೆಲ್ಲೋ ದಾಲ್' ಎಂದು ಬೋರ್ಡು. ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಎಂಬ ಊರಿನ ಹೆಸರಿನ ಸರ್ಕಾರಿ ಗುರುತು ಬಂದದ್ದು 2019ರಲ್ಲಿ ಇರಬಹುದು, ತೊಗರಿ ನಮ್ಮದೇ ಎಂಬ ಜಂಬ ನಮಗೆ ಅದಕ್ಕೂ ಮೊದಲಿನದು. ಅಂಥ ಊರಿನಲ್ಲಿ ತೊಗರಿಬೇಳೆಗೆ ಪರಿಚಯದ ಫಲಕ! ಕಾಕಾ ಬೋರ್ಡು ಕಿತ್ತು ಬೀಸಣಿಗೆ ಮಾಡಿಕೊಂಡರು. ಪಟ್ಟಿಯಲ್ಲಿದ್ದುದರಲ್ಲಿ ಯಾರ ತಕರಾರೂ ಇಲ್ಲದೆ ನಡೆದದ್ದು ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹೋಳಿಗೆ. ಅದನ್ನು ಪ್ಲಾನ್ ಮಾಡಿದವಳು ಅಕ್ಕ.

ಆಹೇರಿಗೆ ಇಪ್ಪತ್ತು ನಿಮಿಷ ಇಟ್ಟಿದ್ದರು. ಮೈಕ್ ಹಿಡಿದವರು ನಿವೃತ್ತ ಹೆಡ್‌ಮಾಸ್ಟರ್ ಮಾಮಾ. ಅವರ ಕೈಯಿಂದ ಮೈಕ್ ಬಿಡಿಸಿಕೊಳ್ಳುವುದು ಇಲಾಖೆಗೇ ಆಗಿರಲಿಲ್ಲ. ಯಾರು ಯಾರಿಗೆ ಏನು ಕೊಟ್ಟರು ಎಂಬುದನ್ನು ಊರು, ಅಡ್ಡಹೆಸರು, ಸಂಬಂಧ ಸಮೇತ ಓದಿದರು. ಟವೆಲ್ ಕೊಟ್ಟವರಿಗೂ ಎರಡು ಮಾತು ಹೊಗಳಿಕೆ. ಹೆಸರು ಬಿಟ್ಟರೆ ಮುಂದಿನ ಹತ್ತು ವರ್ಷ ಮಾತು ಬಿಡುವ ಮಂದಿ ಇದ್ದಾರೆ. ಹಾಗಾಗಿ ಮಾಮಾ ಮಾಡಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ಮುಗಿಯುವಾಗ ನಾಲ್ಕೂವರೆ.

ಕಾದಂಬರಿಯಲ್ಲಿ ಹೀರೋಗೆ ನಾಯಕಿಯ ಮನಸ್ಸಿನ ಗುಟ್ಟು ತಿಳಿಯಲು ಮುನ್ನೂರು ಪುಟ ಬೇಕು. ದೊಡ್ಡವ್ವನಿಗೆ ಒಂದು ಲೋಟ ಚಹಾ ಸಾಕಾಯಿತು. ಸುಸ್ತಾಗಿ ಕಟ್ಟೆ ಮೇಲೆ ಕೂತ ಹುಡುಗಿಯ ಪಕ್ಕ ಹೋಗಿ ಕೂತರು. "ಯಾವ ಊರವ್ವ ನಿಮ್ಮದು? ಅಪ್ಪಾರು ಏನ್ ಮಾಡ್ತಾರ? ಸ್ವಂತ ಮನಿ ಅದನು? ಪಗಾರ ಎಷ್ಟು ಬರ್ತದ?" ನಡುನಡುವೆ ಕಾಕಾನ ಮಗನನ್ನು ಕೂಗಿ, ಕನ್ನಡಕ ತೆಗೆಸಿ, ಹೋಳಿಗೆ ತರಿಸಿದರು. ತುಪ್ಪಕ್ಕೆ ಅಂತ ಮತ್ತೆ ಕಳಿಸಿದರು. ಅವನು ನಡೆಯುವುದು ಹುಡುಗಿಗೆ ಕಾಣಲಿ ಎಂದು.

ಹುಡುಗಿ ಹೋಳಿಗೆ ಮುರಿಯುತ್ತಾ ನಕ್ಕಳು. "ನನಗೆ ಮದುವೆ ಆಗಿ ನಾಲ್ಕು ವರ್ಷ ಆಯ್ತು ಆಂಟಿ. ಮಗಳೂ ಇದ್ದಾಳೆ."

ಕಟ್ಟೆ ಮೇಲೆ ಎಲ್ಲರೂ ಸುಮ್ಮನಾದರು. ಕಾಕಾನ ಮಗ ತುಪ್ಪದ ಮಿಳ್ಳಿ ಹಿಡಿದು ಹಾಗೇ ನಿಂತ.

"ನಿನ್ನ ಲಗ್ನದಾಗೂ ಹಿಂಗ ಇಯರ್‌ಫೋನ್ ಹಾಕ್ಕೊಂಡು ಓಡ್ಯಾಡಿದೇನು?" ನಾನು ಕೇಳಿದೆ.

"ಎಲ್ಲಿ ಮೇಡಂ! ನಮ್ಮ ಅತ್ತೆ, ಸೋದರಮಾವ ಸೇರ್ಕೊಂಡು ಎಲ್ಲಾ ಮಾಡಿದ್ರು. ಸೀರೆ ಬಣ್ಣ ಕೂಡ ನನ್ನನ್ನ ಕೇಳಲಿಲ್ಲ."

"ಛಲೋ ಮಂದಿ ಇದ್ದಂಗ ಅದಾರ" ಎಂದರು ದೊಡ್ಡವ್ವ. ಚಹಾದ ಲೋಟ ಕೆಳಗಿಟ್ಟು ಇನ್ನಷ್ಟು ಹತ್ತಿರ ಸರಿದರು. "ನಿನಗ ತಂಗಿ ಯಾರರ ಅದಾರೇನವ್ವ?"