ತಜಂಕಿನ ಬೀಜಕ್ಕೂ ಒಂದು ತಕ್ಕಡಿ

ಸಿಂಗಪುರದ ಚೈನಾಟೌನಿನಲ್ಲಿ ಒಂದು ಹಳೆಯ ಚೀನೀ ಮದ್ದಿನ ಅಂಗಡಿಗೆ ಹೋಗಿದ್ದೆ. ಗೋಡೆ ತುಂಬ ಮರದ ಸಣ್ಣ ಸಣ್ಣ ಡ್ರಾಯರುಗಳು. ಕಂಪ್ಯೂಟರ್ ನೋಡಿ ನೋಡಿ ಕಣ್ಣು ಉರಿಯುತ್ತದೆ ಎಂದೆ. ಅಂಗಡಿಯ ಅಜ್ಜ ಒಂದು ಡ್ರಾಯರ್ ಎಳೆದು ಹಿಡಿ ಬೀಜವನ್ನು ಕಾಗದದ ಮೇಲೆ ಸುರಿದರು. ಕಂದು ಬಣ್ಣ, ಒಳ್ಳೆ ಹೊಳಪು, ತುದಿ ಓರೆಯಾಗಿ ಕತ್ತರಿಸಿದ ಹಾಗೆ. 'ಜುಯೆಮಿಂಗ್‌ಜಿ' ಎಂದರು. ನನಗೆ ನಗು ಬಂತು. ಇದು ನಮ್ಮ ತಜಂಕ್ ಅಲ್ವಾ!

ಕನ್ನಡದಲ್ಲಿ ಚಗಟೆ, ತುಳುವಿನಲ್ಲಿ ತಜಂಕ್. ಉಡುಪಿ ಕಡೆ ಮಳೆ ಬಿದ್ದರೆ ಸಾಕು, ರಸ್ತೆ ಬದಿಯಲ್ಲೆಲ್ಲ ಅದೇ. ಆಟಿಯಲ್ಲಿ, ಅಂದರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ಎಳೆ ಸೊಪ್ಪು ಕೊಯ್ದು ಹಲಸಿನ ಬೀಜ ಹಾಕಿ ಪಲ್ಯ ಮಾಡುತ್ತಾರೆ, ಅಂಬಡೆ ಮಾಡುತ್ತಾರೆ. ಬೀಜವನ್ನು ನಮ್ಮ ಮನೆಯಲ್ಲಿ ಯಾರೂ ತಿರುಗಿ ನೋಡಿದ್ದಿಲ್ಲ. ಆಯುರ್ವೇದದಲ್ಲಿ ಈ ಗಿಡದ ಹೆಸರು ಚಕ್ರಮರ್ದ. ಬೀಜ ಅರೆದು ಹುಳುಕಡ್ಡಿಗೆ ಹಚ್ಚುವುದು ಅಲ್ಲಿಯ ಕ್ರಮ. ನಮ್ಮಲ್ಲಿ ಚರ್ಮಕ್ಕೆ ಹಚ್ಚುವ ಮದ್ದು, ಚೀನಾದಲ್ಲಿ ಕಣ್ಣಿಗೆಂದು ಕುಡಿಯುವ ಮದ್ದು. ಅವರ ಅತಿ ಹಳೆಯ ಮದ್ದಿನ ಗ್ರಂಥದಲ್ಲೇ ಇದರ ಹೆಸರಿದೆ. ಇದರದ್ದೇ ಹತ್ತಿರದ ನೆಂಟ ಗಿಡ ಇನ್ನೊಂದಿದೆ, ಅದರ ಬೀಜವೂ ಅಲ್ಲಿ ಇದೇ ಹೆಸರಲ್ಲಿ ನಡೆಯುತ್ತದೆ. ಲಿವರ್ ಕಾದರೆ ಕಣ್ಣು ಕೆಂಪಾಗುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ನಾನು ಪೂರ್ತಿ ನಂಬಿಲ್ಲ. ಹುರಿದ ಬೀಜದ ಕಷಾಯ ಮಾತ್ರ ರುಚಿ. ಕಾಫಿಯ ತಮ್ಮನ ಹಾಗಿರುತ್ತದೆ.

ನನಗೆ ಹಿಡಿಸಿದ್ದು ಅಜ್ಜನ ಪ್ರಶ್ನೆಗಳು. ಹೊಟ್ಟೆ ಸಡಿಲವೇ? ಬಿಪಿ ಕಡಿಮೆಯೇ? ಮನೆಯಲ್ಲಿ ಬಸುರಿಯರು ಕುಡಿಯುತ್ತಾರೆಯೇ? ಎಲ್ಲ ಕೇಳಿದ ಮೇಲೆಯೇ ತಕ್ಕಡಿ ಎತ್ತಿದರು. ಚೀನಾದ ಸರ್ಕಾರಿ ಔಷಧ ಕೋಶದಲ್ಲಿ ದಿನಕ್ಕೆ 9ರಿಂದ 15 ಗ್ರಾಂ ಎಂದಿದೆ. ಹಸಿ ಬೀಜ ಭೇದಿ ಮಾಡಿಸುತ್ತದೆ. ಹುರಿದರೆ ಆ ಗುಣ ತಗ್ಗುತ್ತದೆ, ಹೋಗುವುದಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಅಂಗಡಿಗೆ ಹೋಗಲು ಸೋಮಾರಿತನ. ಸೂಪರ್ ಮಾರ್ಕೆಟ್ಟಿನಲ್ಲಿ ಹೊಟ್ಟೆ ಕರಗಿಸುವ ಟೀ ಎಂದು ಇದೇ ಬೀಜದ ಪೊಟ್ಟಣ ಸಿಕ್ಕಿತು. ಸುಮ್ನೆ ದಿನಕ್ಕೆ ನಾಲ್ಕು ಲೋಟ ಕುಡಿದೆ. ಮೂರನೆಯ ದಿನ ಆಫೀಸಿನ ಮೀಟಿಂಗಿನಿಂದ ಎರಡು ಸಲ ಎದ್ದು ಓಡಬೇಕಾಯಿತು.

ಅಜ್ಜನ ಕೈಯಲ್ಲಿ ತಕ್ಕಡಿ ಇತ್ತು. ನಮ್ಮಲ್ಲಿ ತಕ್ಕಡಿ ಇಲ್ಲ, ಆದರೆ ಆಟಿ ಇದೆ. ಆಟಿ ದಾಟಿದರೆ ಸೊಪ್ಪು ಬಲಿಯುತ್ತದೆ, ಬೇಕೆಂದರೂ ಜಾಸ್ತಿ ತಿನ್ನಲಾಗದು. ಪೊಟ್ಟಣಕ್ಕೆ ಎರಡೂ ಇಲ್ಲ. ವರ್ಷವಿಡೀ ಸಿಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ಈಗ ನಮ್ಮ ಪೇಟೆಗಳಲ್ಲೂ ಕಷಾಯದ ಪುಡಿ ಹೀಗೇ ಮಾರಾಟವಾಗುತ್ತಿದೆ. ಚೀನೀಯರಿಂದ ಕಲಿಯುವುದಾದರೆ ಆ ಪ್ರಶ್ನೆಗಳನ್ನು ಕಲಿಯೋಣ ಅನಿಸುತ್ತದೆ.

ಫೋನಿನಲ್ಲಿ ಅಮ್ಮನಿಗೆ ಬೀಜದ ರೇಟು ಹೇಳಿದೆ. "ಅಯ್ಯೋ, ದುಡ್ಡು ಕೊಟ್ಟು ತಜಂಕಾ? ಗದ್ದೆ ಬದಿಯಲ್ಲಿ ರಾಶಿ ಉಂಟು. ಗೋಣಿ ತುಂಬಿಸಿ ಇಡ್ತೇನೆ, ಬಂದಾಗ ತಕೊಂಡು ಹೋಗು" ಎಂದರು.