ಮಾಮಾ, ಪಿಂಗ್ ಮುನ್ನೂರು!

ನಾನು ಐಟಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುವವನು. ಜಿಎಸ್‌ಟಿ ರಿಟರ್ನ್‌ಗೂ ವೈಫೈಗೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ ಹನುಮಂತನಗರದ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಕಂಪನಿ ಐಟಿಯದು ಅಂದಮೇಲೆ ಮನೆಯಲ್ಲಿ ಪ್ಲಗ್ ಇರುವ ಸಮಸ್ತಕ್ಕೂ ನಾನೇ ಹೊಣೆ. ಅಕ್ಕನ ಮಗ ಎಂಜಿನಿಯರಿಂಗ್ ಓದಲು ಶಿವಮೊಗ್ಗದಿಂದ ಬಂದು ಹಿಂದಿನ ರೂಮಿನಲ್ಲಿ ಬೀಡುಬಿಟ್ಟ ಮೇಲಂತೂ, ರಾತ್ರಿ ಒಂಬತ್ತಾದರೆ ಸಾಕು, ಅಲ್ಲಿಂದ "ಮಾಮಾ, ಪಿಂಗ್ ಮುನ್ನೂರು!" ಎಂಬ ಆರ್ತನಾದ. ಸಾರನ್ನ ಅರ್ಧಕ್ಕೆ ಬಿಟ್ಟು ಏಳಬೇಕಾದವನು ನಾನು.

ಅವನು ಆಡುವುದು ವ್ಯಾಲೊರಂಟ್. ಈ ಕಡೆ ಐದು ಜನ, ಆ ಕಡೆ ಐದು ಜನ, ಗುಂಡಿನ ಹೊಡೆದಾಟ. ಇವನ ಕಂಪ್ಯೂಟರಿನಿಂದ ಹೊರಟ ಸುದ್ದಿ ಆಟ ನಡೆಸುವ ದೂರದ ಕಂಪ್ಯೂಟರು, ಅಂದರೆ ಸರ್ವರ್ ಮುಟ್ಟಿ ವಾಪಸ್ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವುದೇ ಪಿಂಗ್. 30 ಇದ್ದರೆ ಸ್ವರ್ಗ. 300 ಆದರೆ ಇವನು ಬಂದೂಕು ಎತ್ತುವಷ್ಟರಲ್ಲಿ ಇವನ ತಿಥಿಯೂ ಮುಗಿದಿರುತ್ತದೆ.

ಯಾಕೆ ಹೀಗಾಗುತ್ತದೆ ಎಂಬ ಬಗ್ಗೆ ಮನೆಯಲ್ಲಿ ಒಬ್ಬರಿಗೂ ಅನುಮಾನವಿರಲಿಲ್ಲ. ಅಮ್ಮನ ಪ್ರಕಾರ ಮೋಡ. ಹೆಂಡತಿಯ ಪ್ರಕಾರ ನಾನು ತೆಗೆದುಕೊಂಡ ಅಗ್ಗದ ಪ್ಲಾನ್. ಕಸ್ಟಮರ್ ಕೇರ್‌ನವರ ಪ್ರಕಾರ ರೂಟರ್ ಆಫ್ ಮಾಡಿ ಆನ್ ಮಾಡದಿರುವುದು. ಕೊನೆಗೆ ಬಂದ ಟೆಕ್ನೀಷಿಯನ್ ಹುಡುಗ ಹಾಲ್‌ನಲ್ಲಿ ರೂಟರಿಗೆ ಮೂಗು ತಾಗಿಸಿ ನಿಂತು, "ನೋಡಿ ಸರ್, ನೂರು ಎಂಬಿಪಿಎಸ್ ಫುಲ್ ಬರ್ತಿದೆ. ನಮ್ ಕಡೆ ಎಲ್ಲಾ ಕ್ಲಿಯರ್" ಎಂದು ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ತೋರಿಸಿ, ಐದು ಸ್ಟಾರ್ ಹಾಕಿಸಿಕೊಂಡು ಹೊರಟ.

ಆ ನೂರನ್ನು ಕಟ್ಟಿಕೊಂಡು ಏನು ಮಾಡುವುದು? ಇಂಥ ಆಟಕ್ಕೆ ಒಂದೋ ಎರಡೋ ಎಂಬಿಪಿಎಸ್ ಸಾಕು. ಬರಬೇಕಾದ್ದು ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟೆ. 30, 31, 30 ಅಂತ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ 240ಕ್ಕೆ ಹಾರಿ ಮತ್ತೆ ಇಳಿದರೆ ಅದು ಜಿಟ್ಟರ್. ಸುದ್ದಿಯ ತುಣುಕು, ಅಂದರೆ ಪ್ಯಾಕೆಟ್ಟು, ಬರಲೇ ಇಲ್ಲವೆಂದರೆ ಪ್ಯಾಕೆಟ್ ಲಾಸ್. ಸ್ಪೀಡ್ ಟೆಸ್ಟಿನ ದಪ್ಪಕ್ಷರದ ನಂಬರಿಗೆ ಇವೆರಡರ ಹಂಗೂ ಇಲ್ಲ.

ಸರಿ, ನಾನೇ ಕೂತೆ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು ಪಿಂಗ್ ಎಂದು ಟೈಪ್ ಮಾಡಿದರೆ, ಆ ಪ್ರೋಗ್ರಾಮು ನಾವು ಹೇಳಿದ ವಿಳಾಸಕ್ಕೆ "ಇದ್ದೀಯಾ?" ಎಂದು ಕೇಳಿ "ಇದ್ದೀನಿ" ಬರುವ ತನಕ ಗಡಿಯಾರ ನೋಡುತ್ತದೆ. ಮೈಕ್ ಮೂಸ್ ಎಂಬ ಅಮೆರಿಕದವರು 1983ರ ಡಿಸೆಂಬರಿನಲ್ಲಿ ಬರೆದದ್ದು, ಇವತ್ತಿಗೂ ಅದೇ ಚಾಕರಿ. ಎಲ್ಲರೂ ಮೊದಲು ದೂರದ ಸರ್ವರನ್ನು ಮಾತಾಡಿಸುತ್ತಾರೆ. ಅದು ಲೆಕ್ಕಪತ್ರದವರ ಕ್ರಮವಲ್ಲ. ದುಡ್ಡು ಸೋರುತ್ತಿದ್ದರೆ ಮೊದಲು ನಮ್ಮ ಗಲ್ಲಾಪೆಟ್ಟಿಗೆ ನೋಡಬೇಕು. ಅಳಿಯನ ರೂಮಿನಿಂದ ನಮ್ಮದೇ ರೂಟರಿಗೆ, ಅಂದರೆ 192.168.1.1ಕ್ಕೆ, ಪಿಂಗ್ ಹಾಕಿದೆ. ಒಂದೋ ಎರಡೋ ಮಿಲಿಸೆಕೆಂಡ್ ಬರಬೇಕಾದ ಜಾಗ. ಬಂದದ್ದು 2, 3, 2, 190, ಆಮೇಲೆ "ರಿಕ್ವೆಸ್ಟ್ ಟೈಮ್ಡ್ ಔಟ್". ಅದೇ ಲ್ಯಾಪ್‌ಟಾಪನ್ನು ಹಾಲ್‌ಗೆ ತಂದು ಹೊರಗಿನ ವಿಳಾಸಗಳಿಗೆ ಹಾಕಿದರೆ ಎಲ್ಲವೂ ಮೂವತ್ತರ ಆಸುಪಾಸು.

ಅಂದರೆ ಮುಂಬೈನ ಗೇಮ್ ಸರ್ವರಿನಿಂದ ನೆಟ್ಟಗೆ ಬಂದ ಪ್ಯಾಕೆಟ್ಟು ನಮ್ಮ ಹಾಲ್‌ನಿಂದ ರೂಮಿಗೆ ಬರಲಾರದೆ ಒದ್ದಾಡುತ್ತಿತ್ತು. ಇದರಲ್ಲಿ ಬೆಂಗಳೂರಿನವರು ಆಶ್ಚರ್ಯಪಡುವಂಥದ್ದೇನಿಲ್ಲ. ಮುಂಬೈನಿಂದ ವಿಮಾನ ಎರಡು ಗಂಟೆಯೊಳಗೆ ತಂದು ಇಳಿಸುತ್ತದೆ. ದೇವನಹಳ್ಳಿಯಿಂದ ಹನುಮಂತನಗರಕ್ಕೆ ಬರುವುದೇ ಪ್ರಯಾಣ.

ಅಷ್ಟರಲ್ಲಿ ಅಳಿಯ ತಾನೂ ಒಂದು ಕೈ ನೋಡುತ್ತೇನೆಂದು, ಪ್ಯಾಕೆಟ್ಟಿನ ದಾರಿಯಲ್ಲಿ ಸಿಗುವ ರೂಟರುಗಳನ್ನು ಸಾಲುಸಾಲಾಗಿ ತೋರಿಸುವ ಟ್ರೇಸ್‌ರೂಟ್ ಓಡಿಸಿ, "ಮಾಮ, ಇಲ್ಲಿ ಬರೀ ನಕ್ಷತ್ರ ಬರ್ತಿದೆ!" ಎಂದು ಕೂಗಿದ. ದಾರಿಯಲ್ಲಿರುವ ಎಷ್ಟೋ ರೂಟರುಗಳು ಕೆಲಸ ಮಾಡುತ್ತವೆಯೇ ಹೊರತು ವಿಚಾರಣೆಗೆ ಉತ್ತರಿಸುವುದಿಲ್ಲ. ಮುಂದಿನ ಸಾಲು ಸರಿಯಿದ್ದರೆ ಆ ನಕ್ಷತ್ರಗಳಿಗೆ ಹೆದರಬೇಕಿಲ್ಲ ಎಂದು ವಿವರಿಸಲು ಬಾಯಿ ತೆರೆದೆ. ದೇವರ ಮನೆಯಿಂದ ಅಮ್ಮ ಕೇಳಿದರು: "ಯಾವ ನಕ್ಷತ್ರವೋ? ಎಷ್ಟನೇ ಪಾದ?"

ಆರೋಪಿ ಮನೆಯೊಳಗೇ ಇದ್ದಾನೆ ಎಂದು ಗೊತ್ತಾದ ಮೇಲೆ ತನಿಖೆ ಸುಲಭವಾಗಬೇಕಿತ್ತು. ಮೊದಲನೆಯವನು ತಾತನ ಕಾಲದ ಕಬ್ಬಿಣದ ಬೀರು, ಬಾಗಿಲಿಗೆ ಆಳೆತ್ತರದ ಕನ್ನಡಿ. ಲೋಹ ಕಂಡರೆ ವೈಫೈ ಅಲ್ಲಿಂದಲೇ ಹಿಂದಿರುಗುತ್ತದೆ. ಬೀರು ಸ್ವಲ್ಪ ಸರಿಸೋಣವೆಂದರೆ, ಅದು ನೈಋತ್ಯದಲ್ಲಿದೆ, ನೈಋತ್ಯದಲ್ಲೇ ಇರಬೇಕು. ರೂಟರಿನ ದಿಕ್ಕಿನ ಬಗ್ಗೆ ವಾಸ್ತುಶಾಸ್ತ್ರ ಏನೂ ಹೇಳಿಲ್ಲವಾದ್ದರಿಂದ ಅದನ್ನು ಶೋಕೇಸಿನೊಳಗಿಂದ ತೆಗೆದು ಎತ್ತರದ ಶೆಲ್ಫಿನ ಮೇಲಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಧೂಳು ಕೂರಬಾರದೆಂದು ಅಮ್ಮ ಅದಕ್ಕೊಂದು ಕ್ರೋಶಾ ಹೊದಿಕೆ ಹಾಕಿದ್ದರು. ಅದರಿಂದ ಸಿಗ್ನಲ್ಲಿಗೇನೂ ನಷ್ಟವಿಲ್ಲ, ರೂಟರಿಗೆ ಸೆಕೆ ಮಾತ್ರ.

ಎರಡನೆಯವನು ಮೈಕ್ರೋವೇವ್. ಅದೂ ವೈಫೈನ ಹಳೆಯ ಬ್ಯಾಂಡೂ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲೇ ಸಂಸಾರ ಮಾಡುತ್ತವೆ. ಅದರ ಬಾಗಿಲ ಸಂದಿಯಿಂದ ನುಸುಳುವ ಚೂರೇ ಸಾಕು ಗಲಾಟೆಗೆ. ನಮ್ಮಲ್ಲಿ ಪಿಂಗ್ ಏರುವ ಹೊತ್ತೂ ಹುಳಿ ಬಿಸಿಯಾಗುವ ಹೊತ್ತೂ ಒಂದೇ ಎಂದು ಪತ್ತೆಯಾಯಿತು. "ಅತ್ತೆ, ಈ ರೌಂಡ್ ಮುಗಿಯೋವರೆಗೂ ಓವನ್ ಹಾಕ್ಬೇಡಿ ಪ್ಲೀಸ್" ಎಂದ ಅಳಿಯನಿಗೆ ನನ್ನ ಹೆಂಡತಿ ತಣ್ಣನೆಯ ಹುಳಿಯನ್ನೇ ಬಡಿಸಿದಳು. 5 ಗಿಗಾಹರ್ಟ್ಸ್‌ಗೆ ಹೋಗಬಹುದಿತ್ತು. ಆದರೆ ಹಳೆಯ ಮನೆಯ ಎರಡು ಗೋಡೆ ದಾಟುವಷ್ಟರಲ್ಲಿ ಅದಕ್ಕೆ ಉಸಿರು ನಿಲ್ಲುತ್ತದೆ. ಹಳೆಯ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಆರರಲ್ಲಿ ಬೀದಿಯೆಲ್ಲ ಇತ್ತು, ನಾವು ಹನ್ನೊಂದಕ್ಕೆ ಹೋದೆವು. ಮೇಲಿನ ಮನೆಯವರೂ ಹನ್ನೊಂದಕ್ಕೆ ಬಂದರು. ಅವರ ಮನೆಯಲ್ಲೂ ಒಬ್ಬ ಐಟಿಯವನಿದ್ದಾನೆ.

ಮೂರನೆಯವನನ್ನು ಹಿಡಿಯುವುದು ಕಷ್ಟವಾಯಿತು, ಯಾಕೆಂದರೆ ಅವನು ಮದುವೆ ಮುಂಜಿ ಇದ್ದಾಗ ಮಾತ್ರ ಬರುತ್ತಿದ್ದ. ನಾದಿನಿಯ ಸೀಮಂತದಿಂದ ಬಂದ ರಾತ್ರಿ ಹೆಂಡತಿಯ ಫೋನು ಇಡೀ ಸಮಾರಂಭದ ವಿಡಿಯೊಗಳನ್ನು ತನ್ನ ಪಾಡಿಗೆ ಬ್ಯಾಕಪ್ ಮಾಡುತ್ತಿತ್ತು. ಅಪ್‌ಲೋಡ್ ಭರ್ತಿಯಾದರೆ ರೂಟರ್ ಏನನ್ನೂ ಬಿಸಾಡದೆ ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ. ಅಳಿಯನ ಒಂದು ಗುಂಡು ಬಳೆ ತೊಡಿಸುವ ವಿಡಿಯೊದ ಹಿಂದೆ ಕಾಯುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎಂದು 2010ರ ಸುಮಾರಿಗೆ ಹೆಸರಿಟ್ಟ ಜಿಮ್ ಗೆಟ್ಟಿಸ್ ಅವರ ಮನೆಯಲ್ಲೂ ಮಕ್ಕಳು "ಅಪ್ಪಾ, ಇಂಟರ್ನೆಟ್ ನಿಧಾನ" ಎಂದು ದೂರುತ್ತಿದ್ದರಂತೆ. ಓದಿ ಸಮಾಧಾನವಾಯಿತು. ರೂಟರ್ ಸೆಟ್ಟಿಂಗ್‌ನಲ್ಲಿ ಅಪ್‌ಲೋಡಿಗೆ ಮಿತಿ ಹಾಕಿದೆ. ಹೆಂಡತಿಗೆ ಹೇಳಿಲ್ಲ.

ಆದರೂ ವೈಫೈ ವೈಫೈಯೇ. ಎಸ್.ಪಿ. ರೋಡಿಗೆ ಹೋಗಿ ಕ್ಯಾಟ್ 6 ಕೇಬಲ್ ತಂದು, ಹಾಲ್‌ನಿಂದ ನಡುಮನೆ ದಾಟಿಸಿ ರೂಮಿಗೆ ಎಳೆದೆ. ರೂಟರಿಗೆ ಒಂದು ಮಿಲಿಸೆಕೆಂಡ್, ಅಲುಗಾಟವಿಲ್ಲ. ಸಂಜೆ ಆಫೀಸಿನಿಂದ ಬಂದರೆ ಕೇಬಲ್ಲಿನ ಮೇಲೆ ಸಾಲಾಗಿ ಟವೆಲ್, ಬನೀನು, ಅಮ್ಮನ ಒಂದು ಹತ್ತಿ ಸೀರೆ. "ಮಳೆಗಾಲಕ್ಕೆ ಒಳಗೊಂದು ಹಗ್ಗ ಕಟ್ಟಿಕೊಡೋ ಅಂತ ಎಷ್ಟು ವರ್ಷದಿಂದ ಬಡ್ಕೋತಿದ್ದೆ. ಅಂತೂ ಕಟ್ಟಿದೆಯಲ್ಲ" ಎಂದರು.

ಬೀದಿಯ ಕಥೆ ಬೇರೆ. ಮರದಿಂದ ಕಂಬಕ್ಕೆ ಜೋತುಬಿದ್ದ ಫೈಬರ್ ತಂತಿ ಮಳೆಗೆ ಕೊಂಬೆಯೊಡನೆ ಉರುಳಿದರೆ ಡಬ್ಬಿಯಲ್ಲಿ ಎಲ್‌ಒಎಸ್, ಅಂದರೆ ಸಿಗ್ನಲ್ ಇಲ್ಲ, ಎಂಬ ದೀಪ ಕೆಂಪಗಾಗುತ್ತದೆ. ಅದಕ್ಕೆ ರೋಗಪರೀಕ್ಷೆ ಬೇಡ, ಕಾಯಬೇಕು. ಇನ್ನೊಮ್ಮೆ ಆಟವೇ ಇವನನ್ನು ಸಿಂಗಪುರದ ಸರ್ವರಿಗೆ ಹಾಕಿತ್ತು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಿಂಗಪುರ 3,200 ಕಿಲೋಮೀಟರಿಗೆ ಹತ್ತಿರ. ತಂತಿ ನೆಟ್ಟಗೆ ಎಳೆದಿದ್ದರೂ ಹೋಗಿ ಬರಲು 32 ಮಿಲಿಸೆಕೆಂಡ್ ಬೇಕೇ ಬೇಕು, ಸಮುದ್ರದಡಿ ಸುತ್ತಿಬಳಸಿ ಹೋಗುವಾಗ ಇನ್ನೂ ಜಾಸ್ತಿ. "ಕಮ್ಮಿ ಮಾಡೋಕಾಗಲ್ವಾ ಮಾಮ?" ಎಂದ. ಬೆಳಕಿಗೇ ಹೇಳಬೇಕು ಎಂದೆ.

ಈಗ ಪಿಂಗ್ ಮೂವತ್ತಕ್ಕೆ ಅಂಟಿಕೊಂಡಿದೆ. ಹೋದ ವಾರ ಮತ್ತೆ ಆರ್ತನಾದ. "ನಂದು ಸರಿ ಇದೆ ಮಾಮ. ಎದುರಿನವನಿಗೆ ಲ್ಯಾಗ್, ಅದಕ್ಕೇ ನಾನು ಸತ್ತೆ. ಗೋಡೆ ಹಿಂದೆ ಹೋದಮೇಲೂ ಹೊಡೆದ!" ಸೋತವರ ಸಬೂಬು ಎಂದುಕೊಂಡು, ಸುಳ್ಳೆಂದು ತೋರಿಸಲೆಂದೇ ಓದಿದೆ. ನಿಜ! ಲ್ಯಾಗ್, ಅಂದರೆ ಸುದ್ದಿ ತಡವಾಗುವ ತೊಂದರೆ, ಇರುವವನಿಗೆ ಅನ್ಯಾಯವಾಗಬಾರದೆಂದು ಇಂಥ ಆಟಗಳ ಸರ್ವರು ಕಾಲವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಗುಂಡು ಹಾರಿದಾಗ ಅವನ ಕಣ್ಣಿಗೆ ಕಂಡದ್ದೇ ಸರಿ ಎಂದು ತೀರ್ಪು ಕೊಡುತ್ತದೆ. ಇವನು ಗೋಡೆಯ ಹಿಂದೆ ಕ್ಷೇಮವಾಗಿ ಸೇರಿರಬಹುದು. ಅವನ ಪರದೆಯಲ್ಲಿ ಇನ್ನೂ ಬಯಲಿನಲ್ಲೇ ನಿಂತಿರುತ್ತಾನೆ.

"ಹಾಗಾದ್ರೆ ಅವನ ರೂಟರ್ ನೋಡಬೇಕು" ಎಂದೆ. "ಯಾವ ಊರಿನವನೋ?"

"ಬೈದಿದ್ದು ಕೇಳಿದ್ರೆ ಹುಬ್ಬಳ್ಳಿ ಕಡೆಯವನು ಅನ್ಸುತ್ತೆ ಮಾಮ."

ಟವೆಲ್ ಮಡಚುತ್ತಿದ್ದ ಅಮ್ಮ ತಲೆಯೆತ್ತಿದರು. "ಹುಬ್ಬಳ್ಳಿನಾ? ಚಿಕ್ಕಪ್ಪನ ಸೊಸೆ ಅಲ್ಲೇ ಇದ್ದಾಳಲ್ಲೋ. ವಿಳಾಸ ಕೇಳಿಸ್ಕೋ, ಹೋಗಿ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಬರ್ತಾಳೆ."